ನಮ್ಮ ಆಫೀಸಿನಲ್ಲಿ ಫೋನಿನ ವೈಫೈ ಕಡ್ಡಿ ಫುಲ್ ಇದ್ದರೂ ಮೀಟಿಂಗ್ ರೂಮಿನಲ್ಲಿ ಕಾಲ್ ಕಟ್ ಆಗುತ್ತದೆ. ನಾಲ್ಕು ಆಕ್ಸೆಸ್ ಪಾಯಿಂಟ್‌ಗೆ (ವೈಫೈ ಬಿಡುವ ಪೆಟ್ಟಿಗೆಗಳಿಗೆ) ಯಾವ ಚಾನೆಲ್ ಕೊಡಬೇಕು? ಐದನೆಯದು ತರಬೇಕಾ?

ಐದನೆಯದು ಬೇಡ. ಕಾಲ್ ಕಟ್ ಆಗುತ್ತದೆ ಅಂದಿರಲ್ಲ, ತೊಂದರೆ ಚಾನೆಲ್‌ದಲ್ಲ, ಪವರ್‌ದು, ಅಂದರೆ ಪೆಟ್ಟಿಗೆ ಎಷ್ಟು ಜೋರಾಗಿ ಸಿಗ್ನಲ್ ಬಿಡುತ್ತದೆ ಅನ್ನೋದರದು.

ಬಸವನಗುಡಿಯ ನಮ್ಮ ಆಫೀಸಿನಲ್ಲೂ ಹೀಗೇ ಆಗಿತ್ತು. ಒಂದೇ ಮಹಡಿ, ನಲವತ್ತು ಚಿಲ್ಲರೆ ಜನ, ನಡುವೆ ಜಿಪ್ಸಂ ಗೋಡೆಗಳು. ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ 1, 6, 11ನೇ ಚಾನೆಲ್ ಬಿಟ್ಟು ಬೇರೆ ಮುಟ್ಟಬಾರದು ಅಂತ ನನಗೆ ಗೊತ್ತಿತ್ತು. ಚಾನೆಲ್ ನಂಬರ್‌ಗಳ ನಡುವೆ ಇರೋದು 5 ಮೆಗಾಹರ್ಟ್ಸ್, ಒಂದೊಂದು ಚಾನೆಲ್ ಹಿಡಿಯುವ ಜಾಗ ಸುಮಾರು 20. ಮಧ್ಯೆ 3, 8 ಅಂತ ತೂರಿಸಿದರೆ ಎರಡೂ ಕಡೆ ಗಲಾಟೆ. ಅಷ್ಟನ್ನು ಸರಿಯಾಗಿ ಮಾಡಿ, ಪವರ್ ಮಾತ್ರ ಎಲ್ಲದಕ್ಕೂ ಹೈ ಕೊಟ್ಟೆ. ದುಡ್ಡು ಕೊಟ್ಟಿದ್ದೀವಿ, ಸಿಗ್ನಲ್ ಚೆನ್ನಾಗಿ ಬರಲಿ ಅಂತ!

ಅಲ್ಲೇ ಕೆಟ್ಟಿದ್ದು. ಆಕ್ಸೆಸ್ ಪಾಯಿಂಟ್ ಜೋರಾಗಿ ಕೂಗಬಲ್ಲದು, ಫೋನ್‌ಗೆ ಅಷ್ಟು ದನಿ ಇಲ್ಲ. ಫೋನಿನ ಕಡ್ಡಿ ಹೇಳೋದು ಅದರ ಕೂಗು ನಿಮಗೆ ಕೇಳಿಸಿತು ಅಂತ ಮಾತ್ರ. ನಿಮ್ಮ ಮಾತು ಅದಕ್ಕೆ ಕೇಳಿಸಿತಾ? ಅದು ಕಡ್ಡಿಯಲ್ಲಿ ಕಾಣಲ್ಲ. ಇನ್ನೊಂದು, ಯಾವ ಆಕ್ಸೆಸ್ ಪಾಯಿಂಟ್ ಹಿಡಿಯಬೇಕು ಅಂತ ತೀರ್ಮಾನಿಸೋದು ಫೋನೇ. ನಮ್ಮ ಮ್ಯಾನೇಜರ್ ಫೋನ್ ರಿಸೆಪ್ಷನ್ನಿನದನ್ನು ಹಿಡಿದರೆ ಮೀಟಿಂಗ್ ರೂಮಿಗೆ ಬಂದರೂ ಬಿಡುತ್ತಿರಲಿಲ್ಲ. ತಲೆಯ ಮೇಲೇ ಇನ್ನೊಂದರ ನೀಲಿ ಲೈಟ್ ಉರಿಯುತ್ತಿತ್ತು. ಕಂಟ್ರೋಲರ್ (ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್) ತೆಗೆದು ನೋಡಿದರೆ ಆ ಫೋನಿನಿಂದ ರಿಸೆಪ್ಷನ್‌ಗೆ ಬರುತ್ತಿದ್ದ ಸಿಗ್ನಲ್ ಮೈನಸ್ 81 ಡಿಬಿಎಂ (ಸೊನ್ನೆಯಿಂದ ದೂರ ಹೋದಷ್ಟೂ ಸಿಗ್ನಲ್ ಕಮ್ಮಿ). ಅದರಲ್ಲಿ ವಿಡಿಯೋ ಕಾಲ್ ನಡೆಯುತ್ತಾ?

ಸಾಲದ್ದಕ್ಕೆ, ಒಂದೇ ಚಾನೆಲ್‌ನಲ್ಲಿರುವ ಎರಡು ಆಕ್ಸೆಸ್ ಪಾಯಿಂಟ್‌ಗಳಿಗೆ ಒಂದರ ದನಿ ಇನ್ನೊಂದಕ್ಕೆ ಕೇಳಿಸಿದರೆ ಸರದಿ ಕಾಯುತ್ತವೆ. ಚಾನೆಲ್ ಮೂರು, ಪೆಟ್ಟಿಗೆ ನಾಲ್ಕು, ಪವರ್ ಫುಲ್. ಇಡೀ ಮಹಡಿಯಲ್ಲಿ ಕಾಯೋದೇ ಕೆಲಸ. ನಾನು ಐದನೆಯದನ್ನೂ ತಂದು ಹಾಕಿದೆ, ಇನ್ನೂ ಹದಗೆಟ್ಟಿತು. ಅದೀಗ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿದೆ.

ನಿಮ್ಮಲ್ಲಿ ಎರಡರ 2.4 ಪೂರ್ತಿ ಆಫ್ ಮಾಡಿ. ಉಳಿದ ಎರಡಕ್ಕೆ 1 ಮತ್ತು 11, ಪವರ್ ಲೋ. ಕೆಲಸ ನಡೆಯಬೇಕಾದ್ದು 5 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ಚಾನೆಲ್ ಅಗಲ 40 ಮೆಗಾಹರ್ಟ್ಸ್ ಇಟ್ಟು 36, 44, 149, 157 ಕೊಟ್ಟರೆ ನಾಲ್ಕಕ್ಕೂ ಬೇರೆ ಬೇರೆ ಜಾಗ ಸಿಗುತ್ತದೆ. ಪವರ್ ಮೀಡಿಯಂ ಸಾಕು. ಡಬ್ಬದ ಮೇಲಿನ ಸ್ಪೀಡ್ ನೋಡಿ 80ಕ್ಕೆ ಹೋಗಬೇಡಿ. ಆಗ ಈ ನಾಲ್ಕು ಜಾಗ ಎರಡಾಗುತ್ತದೆ. 52ರಿಂದ 144ರವರೆಗಿನ ಚಾನೆಲ್‌ಗಳೂ ಇವೆ, ಆದರೆ ರಡಾರ್ ಸಿಗ್ನಲ್ ಕಂಡರೆ ಅಲ್ಲಿಂದ ಎದ್ದು ಹೋಗಲೇಬೇಕು. ಚಿಕ್ಕ ಆಫೀಸಿಗೆ ಆ ರಗಳೆ ಯಾಕೆ? ಪೆಟ್ಟಿಗೆಯೇ ಚಾನೆಲ್ ಆರಿಸಿಕೊಳ್ಳುವ ಆಟೋ ಚಾನೆಲ್ ಮೇಲೆ ನನಗೆ ನಂಬಿಕೆ ಇಲ್ಲ, ಜನ ಜಗಳ ಆಡಬಹುದು.

ಆಮೇಲೆ ಫೋನ್ ಹಿಡಿದು ಮೂಲೆ ಮೂಲೆ ಓಡಾಡಿ. ಕುಳಿತು ಕಾಲ್ ಮಾಡುವ ಜಾಗದಲ್ಲಿ ಸಿಗ್ನಲ್ ಮೈನಸ್ 67ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಪೆಟ್ಟಿಗೆಯ ಜಾಗ ಬದಲಿಸಿ, ಪವರ್ ಏರಿಸಬೇಡಿ. ಪ್ರಿಂಟರ್ ವೈಫೈ ಹಿಡಿಯಲ್ಲ ಅಂತ ಯಾರಾದರೂ ಕೂಗಿದರೆ ಅದಕ್ಕೊಂದು ಕೇಬಲ್ ಎಳೆಸಿಬಿಡಿ.