ಝಂಸ್ಕಾರ್‌ಗೆ ರಸ್ತೆ ಬಂದ ಮೇಲೆ ನಡೆಯಲು ಏನು ಉಳಿದಿದೆ?

ನೀವು ಕೇಳಿರುವುದು: "ಝಂಸ್ಕಾರ್‌ನಲ್ಲಿ ಹತ್ತು ಹನ್ನೆರಡು ದಿನ ಚಾರಣ ಮಾಡಬೇಕೆಂಬ ಆಸೆ ಬಹಳ ದಿನದಿಂದ ಇದೆ. ಈಗ ಅಲ್ಲಿಗೆ ರಸ್ತೆಯಾಗಿದೆ, ಇನ್ನು ನಡೆಯುವುದಕ್ಕೆ ಏನೂ ಉಳಿದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ನಿಜವೇ? ಹೋಗುವುದಾದರೆ ಎಲ್ಲಿ ನಡೆಯಲಿ?"

ನಿಮ್ಮ ಗೆಳೆಯರು ಹೇಳಿದ್ದು ಅರ್ಧ ನಿಜ. ಲಡಾಖಿನ ಕಣಿವೆನಾಡಾದ ಝಂಸ್ಕಾರ್‌ಗೆ ನಾನು ಮೂರು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಹಿಮಾಚಲದ ದಾರ್ಚಾದಿಂದ ಶಿಂಕು ಲಾ ('ಲಾ' ಎಂದರೆ ಘಟ್ಟದ ದಾರಿ) ದಾಟಿ ಝಂಸ್ಕಾರ್‌ನ ಮುಖ್ಯ ಊರಾದ ಪದುಮ್‌ವರೆಗೆ ಎಂಟು ದಿನ ನಡೆದಿದ್ದೆ. ಆ ದಾರಿಯ ಬಹುಪಾಲು ಈಗ ವಾಹನಗಳು ಓಡುವ ರಸ್ತೆ. ಲೇಹ್ ಬಳಿಯ ನಿಮ್ಮೂ ಎಂಬ ಊರಿನಿಂದ ಪದುಮ್ ಮೂಲಕ ದಾರ್ಚಾಕ್ಕೆ ಹೋಗುವ 298 ಕಿಲೋಮೀಟರ್ ರಸ್ತೆಯ ಕೊನೆಯ ಕೊಂಡಿ 2024ರ ಮಾರ್ಚ್‌ನಲ್ಲಿ ಕೂಡಿಕೊಂಡಿತು. ಶಿಂಕು ಲಾದ ಕೆಳಗೆ 4.1 ಕಿಲೋಮೀಟರ್ ಸುರಂಗದ ಕೆಲಸ ಅದೇ ವರ್ಷ ಜುಲೈಯಲ್ಲಿ ಶುರುವಾಯಿತು. ಹಳೆಯ ಚಾರಣದ ನಕ್ಷೆ ಹಿಡಿದು ಅದೇ ಹಾದಿಯಲ್ಲಿ ಹೋದರೆ ನಿಮಗೆ ಸಿಗುವುದು ದೂಳು ಮತ್ತು ಟಿಪ್ಪರ್ ಲಾರಿಗಳು. ಅದನ್ನು ನೋಡಿದಾಗ ನನಗೂ ಎದೆ ಭಾರವಾಯಿತು.

ಆದರೆ ಈ ರಸ್ತೆಯ ಬಗ್ಗೆ ಕೊರಗುವ ಹಕ್ಕು ನಮಗಿಲ್ಲ ಎಂದು ನನಗೆ ಮನವರಿಕೆಯಾದದ್ದು ಅಲ್ಲಿಯ ಮನೆಯೊಂದರ ಅಡುಗೆಕೋಣೆಯಲ್ಲಿ. ಆ ಮನೆಯ ಅಜ್ಜಿ ಚಳಿಗಾಲದ ಬಗ್ಗೆ ಹೇಳುತ್ತಿದ್ದರು. ಹಿಮ ಬಿದ್ದು ಘಟ್ಟಗಳು ಮುಚ್ಚಿದವೆಂದರೆ ಆರು ತಿಂಗಳು ಹೊರಜಗತ್ತಿನ ಸಂಪರ್ಕವಿಲ್ಲ. ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರ್ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತಾ ಕೂರಬೇಕು. ಲೇಹ್‌ನಲ್ಲಿ ಓದುವ ಮಕ್ಕಳು ಹೆಪ್ಪುಗಟ್ಟಿದ ನದಿಯ ಮೇಲೆ, 'ಚಾದರ್' ಎಂದು ಕರೆಯುವ ಆ ಹಿಮದ ಹಾಸಿನ ಮೇಲೆ ದಿನಗಟ್ಟಲೆ ನಡೆದು ಹೋಗುತ್ತಿದ್ದರು. ನಾವು ಸಾಹಸವೆಂದು ಹಣ ಕೊಟ್ಟು ಮಾಡುವ ನಡಿಗೆ ಅವರಿಗೆ ಬೇರೆ ದಾರಿಯಿಲ್ಲದೆ ಮಾಡಿದ ನಡಿಗೆ. ರಸ್ತೆ ಅವರಿಗೆ ಬೇಕಿತ್ತು, ಬಂದಿದೆ.

ಇನ್ನುಳಿದ ಅರ್ಧಕ್ಕೆ ಬರುತ್ತೇನೆ. ಝಂಸ್ಕಾರ್‌ನ ಸೊಗಸು ಒಂದು ಘಟ್ಟ ಹತ್ತಿ ಇಳಿಯುವುದರಲ್ಲಿ ಇಲ್ಲ. ಅದು ಊರಿಂದ ಊರಿಗೆ ನಡೆಯುವುದರಲ್ಲಿದೆ, ಆ ನಡಿಗೆ ಇನ್ನೂ ಉಳಿದಿದೆ. ಅದಕ್ಕೆ ಮೊದಲು ಆ ನೆಲ ಎಂಥದ್ದು ಎಂದು ತಿಳಿದಿರಬೇಕು.

ಮುಂಗಾರಿನ ಮೋಡಗಳು ಹಿಮಾಲಯದ ಮಹಾಶ್ರೇಣಿಯ ದಕ್ಷಿಣದ ಮಗ್ಗುಲಲ್ಲೇ ಸುರಿದು ಬರಿದಾಗುತ್ತವೆ. ಶ್ರೇಣಿಯ ಬೆನ್ನಿಗೆ ಇರುವ ಝಂಸ್ಕಾರ್ ಮಳೆನೆರಳಿನ ನಾಡು. ಆಗುಂಬೆಯಲ್ಲಿ ಧೋ ಎಂದು ಸುರಿಯುವ ದಿನ ಚಳ್ಳಕೆರೆಯಲ್ಲಿ ಬಿಸಿಲು ಕಾಯುತ್ತದಲ್ಲ, ಅದೇ ಲೆಕ್ಕ. ಅಳತೆ ಮಾತ್ರ ಬಹಳ ದೊಡ್ಡದು. ಆದ್ದರಿಂದಲೇ ನಮ್ಮ ಘಟ್ಟಗಳಲ್ಲಿ ಜಿಗಣೆಗಳ ಕಾಲವಾದ ಜುಲೈ-ಆಗಸ್ಟ್ ಅಲ್ಲಿ ನಡೆಯುವ ಕಾಲ. ಬೆಟ್ಟಗಳಿಗೆ ಹಸಿರಿನ ಹೊದಿಕೆಯೇ ಇಲ್ಲ. ಕೆಂಪು, ಬೂದು, ನೇರಳೆ, ಕೆಲವೆಡೆ ಗಂಧಕದ ಹಳದಿ. ಮಡಿಸಿ ಇಟ್ಟ ಕಂಬಳಿಯ ಹಾಗೆ ಕಲ್ಲಿನ ಪದರಗಳು ಬಾಗಿ ನಿಂತಿರುತ್ತವೆ. ಅದರ ನಡುವೆ ಒಂದೊಂದು ಕಡೆ ಬಾರ್ಲಿ, ಬಟಾಣಿ ಗದ್ದೆಗಳ ಹಸಿರು. ಈ ಹಸಿರು ಮೆಲ್ಲನೆ ಮಾಸಿ ಬಯಲಾಗುವುದಿಲ್ಲ. ಕಾಲುವೆ ಎಲ್ಲಿ ಮುಗಿಯಿತೋ ಅಲ್ಲಿಗೆ ಗೆರೆ ಎಳೆದಂತೆ ನಿಂತುಬಿಡುತ್ತದೆ. ಕಾಲುವೆಯ ಈಚೆ ಕಾಲಿಟ್ಟರೆ ಹುಲ್ಲು, ಆಚೆ ಕಾಲಿಟ್ಟರೆ ಜಲ್ಲಿ.

ಹಿಮ ಕರಗಿ ಬರುವ ಆ ಕಾಲುವೆಯ ನೀರಿನ ಮೇಲೆ ಅಲ್ಲಿಯ ಬದುಕೆಲ್ಲ ನಿಂತಿದೆ. ಯಾರ ಹೊಲಕ್ಕೆ ಯಾವಾಗ, ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ಲಡಾಖಿನ ಊರುಗಳು 'ಚುರ್ಪೊನ್' ಎಂಬ ಒಬ್ಬನನ್ನು ನೇಮಿಸಿಕೊಳ್ಳುತ್ತವೆ. ಅದನ್ನು ನನಗೆ ಯಾರೋ ಹಿಂದಿಯಲ್ಲಿ ಸುತ್ತಿಬಳಸಿ ವಿವರಿಸುತ್ತಿದ್ದಾಗ, ಅರೆ, ಇವನು ನಮ್ಮ ನೀರುಗಂಟಿ ಎಂದು ಹೊಳೆದು ಬಹಳ ಸಂತೋಷವಾಯಿತು. ನಮ್ಮ ಕೆರೆಯ ತೂಬಿನ ಬಳಿ ಕೂರುತ್ತಿದ್ದವನ ಕೆಲಸವೇ ಅದು. ನೀರು ತಪ್ಪಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಪದುಮ್ ಬಯಲಿನ ಅಂಚಿನ ಕುಮಿಕ್‌ಗೆ ಹೋಗಿ. ಮೇಲಿನ ಹಿಮ ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಬಿತ್ತಿದ್ದು ಒಣಗತೊಡಗಿ, ಆ ಹಳೆಯ ಊರಿನವರು ಕೆಳಗಿನ ಮಾರ್ಥಂಗ್ ಎಂಬ ಬಂಜರು ಬಯಲಿಗೆ ನದಿಯಿಂದ ಕಾಲುವೆ ತಂದು ಹೊಸ ಊರು ಕಟ್ಟಿಕೊಳ್ಳಬೇಕಾಯಿತು. ಹವಾಮಾನ ಬದಲಾಗುತ್ತಿದೆ ಎಂದು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಕುಮಿಕ್‌ನ ಒಣಗಿದ ಪಾತಿಗಳ ನಡುವೆ ನಿಂತಾಗ ಆದ ಸಂಕಟವೇ ಬೇರೆ.

ಎರಡನೆಯ ಪ್ರವಾಸದಲ್ಲಿ, ಸೆಪ್ಟೆಂಬರ್ ಮೊದಲ ವಾರ, ಲುಂಗ್ನಾಕ್ ಕಣಿವೆಯ ಒಂದು ಊರಿನಲ್ಲಿ ಒಕ್ಕಲಾಟ ನಡೆಯುತ್ತಿತ್ತು. ಈಗ ಬಹಳ ಕಡೆ ಯಂತ್ರ ಬಂದಿದೆ. ಆ ಮನೆಯವರು ಇನ್ನೂ ದನ ಕಟ್ಟಿ ತುಳಿಸುತ್ತಿದ್ದರು. ನಡುವೆ ಒಂದು ಮೇಟಿಗಂಬ, ಅದಕ್ಕೆ ಸಾಲಾಗಿ ಕಟ್ಟಿದ ಝೋ ಎಂಬ ಯಾಕ್-ಹಸುವಿನ ಮಿಶ್ರತಳಿಯ ಎತ್ತುಗಳು, ಎರಡು ಕತ್ತೆ, ಹೊರಸಾಲಿನಲ್ಲಿ ಒಂದು ಕುದುರೆ. ಹಿಂದೆ ಒಬ್ಬ ಹೆಂಗಸು ಹಾಡುತ್ತಾ ಸುತ್ತು ಬರುತ್ತಿದ್ದಳು. ಒಂದು ಪ್ರಾಣಿ ಬಾಲ ಎತ್ತಿದೊಡನೆ ಹಾಡು ನಿಲ್ಲಿಸದೆಯೇ ಬುಟ್ಟಿ ಹಿಡಿದು ಸಗಣಿಯನ್ನು ಕಾಳಿನ ಮೇಲೆ ಬೀಳದಂತೆ ಆತುಕೊಂಡಳು. ಹಂತಿ ಪದ ಕೇಳುತ್ತಾ ಬೆಳೆದ ನನಗೆ ಕಾಲು ಕಿತ್ತು ಮುಂದೆ ಹೋಗಲು ಆಗಲಿಲ್ಲ. ಮಧ್ಯಾಹ್ನ ಇಬ್ಬರು ತೂರಲು ನಿಂತರು. ಗಾಳಿ ಬಿದ್ದುಹೋಯಿತು. ಆಗ ಇಬ್ಬರೂ ಮೊರ ಎತ್ತಿಕೊಂಡೇ ಮೆಲ್ಲಗೆ ಸಿಳ್ಳೆ ಹಾಕತೊಡಗಿದರು, ಗಾಳಿಯನ್ನು ಕರೆಯಲು. ತುಸು ಹೊತ್ತಿಗೆ ಗಾಳಿ ಬಂತು, ಹೊಟ್ಟು ಹೊನ್ನಿನ ಬಣ್ಣದಲ್ಲಿ ಹಾರಿ ಗೋಡೆಯ ಮಗ್ಗುಲಿಗೆ ಬಿತ್ತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಅರ್ಧ ಜನ ನೆರೆಮನೆಯವರು. ನಾಳೆ ಇವರು ಅವರ ಕಣಕ್ಕೆ. ಮುಯ್ಯಾಳು ಎಂಬ ನಮ್ಮ ಮಾತಿಗೆ ಬೇರೆ ಅರ್ಥವಿವರಣೆ ಬೇಕೆನಿಸಲಿಲ್ಲ. ಹೊಟ್ಟಿನ ಮೂಟೆ ಹೊರಲು ನನ್ನನ್ನೂ ಕರೆದರು. 3,800 ಮೀಟರ್ ಎತ್ತರದಲ್ಲಿ ನಾಲ್ಕು ಮೂಟೆ ಹೊತ್ತ ಮೇಲೆ ಅವರು ಕೊಟ್ಟ ಹುರಿಹಿಟ್ಟು ಮತ್ತು ಉಪ್ಪು-ಬೆಣ್ಣೆಯ ಚಹಾದ ರುಚಿ ಇಂದಿಗೂ ನಾಲಿಗೆಯಲ್ಲಿದೆ. ಆ ಹುರಿಹಿಟ್ಟನ್ನು 'ತ್ಸಂಪಾ' ಎನ್ನುತ್ತಾರೆ. ಬಾರ್ಲಿ ಹುರಿದು ಬೀಸಿದ ಹಿಟ್ಟು. ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನುವುದು.

ಇನ್ನು ನಡೆಯುವ ಜಾಗಗಳು. ಒಂದೇ ಕಡೆ ಹೋಗಲು ಸಾಧ್ಯವಾದರೆ ಫುಕ್ತಾಲ್ ಮಠಕ್ಕೆ ಹೋಗಿ. ಪುರ್ನೆ ಎಂಬ ಪುಟ್ಟ ಊರಿನ ಬಳಿ ಎರಡು ನದಿಗಳು ಕೂಡುತ್ತವೆ. ಅಲ್ಲಿಂದ ತ್ಸರಪ್ ನದಿಯ ದಡದ ಕಾಲುದಾರಿಯಲ್ಲಿ ಎರಡು ಮೂರು ಗಂಟೆಯ ನಡಿಗೆ. ದಾರಿ ಕಿರಿದು, ಕೆಲವೆಡೆ ಒಂದು ಪಾದದ ಆಚೆ ನೇರ ಇಳಿಜಾರು, ಕೆಳಗೆ ಹಸಿರು-ನೀಲಿ ನೀರು. ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಮಠ ಕಾಣುತ್ತದೆ: ಬಂಡೆಯ ಎದೆಯಲ್ಲಿ ಬಾಯ್ದೆರೆದ ದೊಡ್ಡ ಗುಹೆ, ಅದರಿಂದ ಕೆಳಕ್ಕೆ ಇಳಿಬಿದ್ದ ಸುಣ್ಣ ಬಳಿದ ಮಣ್ಣಿನ ಕೋಣೆಗಳು. 'ಫುಕ್' ಎಂದರೆ ಗುಹೆ. ಗುಹೆಯ ಒಳಗೊಂದು ನೀರಿನ ಸೆಲೆಯಿದೆ, ಅದನ್ನು ಪವಿತ್ರವೆಂದು ಕಾಣುತ್ತಾರೆ. ಹೋಗಿ ಬಂದು ಅದೇ ದಿನ ಮುಗಿಸಬೇಡಿ. ಹತ್ತಿರದಲ್ಲಿ ತಂಗಿ, ಬೆಳಗಿನ ಪ್ರಾರ್ಥನೆಗೆ ಮತ್ತೆ ಹೋಗಿ ಹಿಂದಿನ ಮೂಲೆಯಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿ. ಈ ನದಿ ನೋಡಲು ಸೌಮ್ಯ. 2014ರ ಕೊನೆಯ ದಿನ ಮೇಲ್ಗಡೆ ಗುಡ್ಡ ಕುಸಿದು ಇದೇ ನದಿ ಕಟ್ಟಿಕೊಂಡಿತ್ತು, ಮೇ 2015ರಲ್ಲಿ ಆ ಕಟ್ಟೆ ಒಡೆದು ಕಣಿವೆಯ ಸೇತುವೆಗಳನ್ನು ಹೊತ್ತೊಯ್ದಿತು.

ಎರಡನೆಯದು ಪದುಮ್ ಸುತ್ತಲಿನ ಊರುಗಳು. ಕರ್ಷಾ, ಪಿಶು, ಝಂಗ್ಲಾ, ಸ್ತೊಂಗ್ದೆ, ಮತ್ತೆ ಪದುಮ್. ಮೂರ್ನಾಲ್ಕು ದಿನದ ಸುತ್ತು. ಎತ್ತರ ಹೆಚ್ಚು ಏರಿಳಿಯದು, ಮೈ ಹೊಂದಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಝಂಗ್ಲಾದ ಗುಡ್ಡದ ಮೇಲಿನ ಹಳೆಯ ಅರಮನೆಗೆ ತಪ್ಪದೆ ಹತ್ತಿ. 1823ರಲ್ಲಿ ಹಂಗೇರಿಯಿಂದ ತನ್ನ ಜನಾಂಗದ ಮೂಲ ಹುಡುಕಿಕೊಂಡು ಬಂದ ಚೋಮಾ ದೆ ಕೊರೊಶ್ ಎಂಬ ವಿದ್ವಾಂಸ, ಲಾಮಾ ಒಬ್ಬರ ಬಳಿ ಟಿಬೆಟನ್ ಭಾಷೆ ಕಲಿಯುತ್ತಾ ಅಲ್ಲಿಯ ಪುಟ್ಟ ಕೋಣೆಯಲ್ಲಿ ಬೆಂಕಿಯೂ ಇಲ್ಲದೆ ಚಳಿಗಾಲ ಕಳೆದ. ಆಮೇಲೆ ಫುಕ್ತಾಲ್‌ನಲ್ಲೂ ಇದ್ದ. ಆತನ ಟಿಬೆಟನ್-ಇಂಗ್ಲಿಷ್ ನಿಘಂಟು 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಕಿಟೆಲರ ನಿಘಂಟನ್ನು ಕೈಯಲ್ಲಿ ಹಿಡಿದ ಯಾವ ಕನ್ನಡಿಗನಿಗೂ ಆ ಕೋಣೆಯ ಬಾಗಿಲಲ್ಲಿ ಬಗ್ಗಿ ಒಳಹೊಕ್ಕಾಗ ಮೈ ಜುಮ್ಮೆನ್ನದೆ ಇರದು.

ಅನುಭವಿಗಳಾದರೆ ಮಾತ್ರ ಮೂರನೆಯದು: ಕರ್ಗ್ಯಾಕ್ ಕಣಿವೆಯಿಂದ ಫಿರ್ಟ್ಸೆ ಲಾ ದಾಟಿ ಮನಾಲಿ-ಲೇಹ್ ಹೆದ್ದಾರಿಯ ಸರ್ಚುವಿಗೆ ಇಳಿಯುವುದು. 5,000 ಮೀಟರಿಗೂ ಮೇಲಿನ ಘಟ್ಟ, ನಡುವೆ ಊರಿಲ್ಲ. ಸ್ಥಳೀಯ ಮಾರ್ಗದರ್ಶಿ, ಕುದುರೆಯವರು, ಡೇರೆ ಇಲ್ಲದೆ ಹೋಗಲೇಬಾರದು. ಹೊಳೆಗಳನ್ನು ಬೆಳಗಿನ ಜಾವವೇ ದಾಟಬೇಕು. ಬಿಸಿಲೇರಿ ಹಿಮ ಕರಗಿದಂತೆ ಬೆಳಿಗ್ಗೆ ಮೊಣಕಾಲು ಮುಟ್ಟಿದ ನೀರು ಸಂಜೆಗೆ ಸೊಂಟಕ್ಕೆ ಬರುತ್ತದೆ. ಈ ಕಡೆ ಹೋಗದಿದ್ದರೂ ಕರ್ಗ್ಯಾಕ್‌ನ ಮೇಲೆ ಒಂಟಿಯಾಗಿ ಎದ್ದು ನಿಂತ ಗೊಂಬೊ ರಂಗ್ಜೊನ್ ಬಂಡೆಬೆಟ್ಟವನ್ನು ನೋಡಿ. ಅಲ್ಲಿಯವರಿಗೆ ಅದು ದೇವರು. ಹತ್ತಲು ಹೋಗಬೇಡಿ.

ಆರೋಗ್ಯದ ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ, ಏಕೆಂದರೆ ನಾನೇ ತಪ್ಪು ಮಾಡಿದ್ದೇನೆ. ಮುಳ್ಳಯ್ಯನಗಿರಿ 1,930 ಮೀಟರ್. ಪದುಮ್ ಊರೇ 3,600 ಮೀಟರ್ ಆಸುಪಾಸು. ಎರಡನೆಯ ಸಲ ರಸ್ತೆಯಾಗಿದೆಯಲ್ಲ ಎಂದು ಮನಾಲಿಯಿಂದ ಹೊರಟು ಒಂದೇ ದಿನದಲ್ಲಿ ಶಿಂಕು ಲಾ ದಾಟಿದೆ. ರಾತ್ರಿ ಕರ್ಗ್ಯಾಕ್‌ನಲ್ಲಿ ತಲೆ ಸಿಡಿಯುವ ನೋವು, ವಾಂತಿ, ನೆಲ ಓಲಾಡಿದ ಹಾಗೆ. ಮನೆಯವರು ಬೆಳಗಾಗುವ ಮೊದಲೇ ಜೀಪು ಹುಡುಕಿ ಕೆಳಕ್ಕೆ ಕಳಿಸಿದ್ದರಿಂದ ಉಳಿದೆ. ನಡೆದು ದಾಟಿದಾಗ ಮೈಗೆ ಸಿಕ್ಕಿದ್ದ ಆರೇಳು ದಿನದ ಸಮಯವನ್ನು ರಸ್ತೆ ಕಿತ್ತುಕೊಂಡಿತ್ತು, ಅದು ನನಗೆ ಹೊಳೆದಿರಲಿಲ್ಲ. ನೀವು ಶ್ರೀನಗರದಿಂದ ಕಾರ್ಗಿಲ್‌ಗೆ ಬನ್ನಿ. ಕಾರ್ಗಿಲ್ ಸುಮಾರು 2,700 ಮೀಟರ್. ಒಂದೆರಡು ರಾತ್ರಿ ಅಲ್ಲಿ ನಿಂತು, ಸುರು ಕಣಿವೆಯಲ್ಲಿ ಒಂದು ರಾತ್ರಿ, ಆಮೇಲೆ 4,400 ಮೀಟರಿನ ಪೆನ್ಸಿ ಲಾ ದಾಟಿ ಪದುಮ್‌ಗೆ ಇಳಿಯಿರಿ. ದಾರಿಯಲ್ಲಿ 7,135 ಮೀಟರಿನ ನುನ್, ಅದರ ಜೊತೆಗಾರ ಕುನ್, ಪೆನ್ಸಿ ಲಾದ ಹತ್ತಿರ ದ್ರಂಗ್-ದ್ರುಂಗ್ ಹಿಮನದಿ ಕಾಣುತ್ತವೆ. ನಿಧಾನಕ್ಕೆ ಸಿಗುವ ಲಾಭ. 3,000 ಮೀಟರ್ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬೇಡಿ. ಎತ್ತರದ ಕಾಯಿಲೆಯ ಲಕ್ಷಣ ಹೆಚ್ಚಾದರೆ ಕೆಳಗಿಳಿಯುವುದೇ ಮದ್ದು. ಮಾತ್ರೆಯ ಬಗ್ಗೆ ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ. ಚಾದರ್ ನಡಿಗೆಯ ಯೋಚನೆ ಮೊದಲ ಸಲಕ್ಕೆ ಬೇಡವೇ ಬೇಡ.

ಡೇರೆಗಿಂತ ಮನೆಗಳಲ್ಲಿ ತಂಗಿ. ಹಣ ನೇರವಾಗಿ ಊರಿಗೆ ಸೇರುತ್ತದೆ. ಬಾಗಿಲಲ್ಲಿ 'ಜುಲೆ' ಎನ್ನಿ. ನಮಸ್ಕಾರಕ್ಕೂ ಅದೇ, ಧನ್ಯವಾದಕ್ಕೂ ಅದೇ. ಅಜ್ಜಿಯನ್ನು 'ಅಬಿ-ಲೆ' ಎಂದು ಕರೆಯಿರಿ. ಕೊನೆಯ ಆ 'ಲೆ' ನಮ್ಮ 'ಅವರು' ಇದ್ದ ಹಾಗೆ. ದಾರಿಯಲ್ಲಿ ಮಂತ್ರ ಕೆತ್ತಿದ ಕಲ್ಲುಗಳ ಗೋಡೆ ಬಂದರೆ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವಂತೆ ಅದನ್ನು ಬಲಕ್ಕೆ ಇಟ್ಟುಕೊಂಡು ನಡೆಯಿರಿ. ಆ ಕಲ್ಲುಗಳನ್ನು ನೆನಪಿಗೆಂದು ಎತ್ತಿಕೊಳ್ಳಬೇಡಿ. ನೀರನ್ನು ಅಲ್ಲಿಯವರು ಬಳಸುವಷ್ಟೇ ಬಳಸಿ, ಕಾಲುವೆಯಲ್ಲಿ ಸೋಪು ಹಾಕಬೇಡಿ. ಕೆಳಗಿನ ಮನೆಯವರು ಅದನ್ನೇ ಕುಡಿಯುತ್ತಾರೆ.

ತಿಂಗಳು ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಇಟ್ಟುಕೊಳ್ಳಿ. ಹೊಳೆಗಳು ಇಳಿದಿರುತ್ತವೆ, ಬಾರ್ಲಿ ಹಣ್ಣಾಗಿರುತ್ತದೆ. ನಿಮ್ಮ ಹನ್ನೆರಡು ದಿನಗಳಲ್ಲಿ ಎರಡನ್ನು ಯಾವ ಯೋಜನೆಯೂ ಇಲ್ಲದೆ ಖಾಲಿ ಬಿಡಿ. ಯಾವುದೋ ಕಣದಲ್ಲಿ ಮೂಟೆ ಹೊರಲು ಕರೆದಾರು.