ಸ್ಪರ್ಧೆಯ ದಿನ ಕೇಳಬೇಡಿ

ನಾನು ಆಪ್ತ ಸಮಾಲೋಚಕಿ. ದೇಹದಾರ್ಢ್ಯ ಸ್ಪರ್ಧೆಗೆ ಸಂಬಂಧಪಟ್ಟ ಒಂದು ವಿಷಯ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಿದೆ. ಎರಡೂ ಕಡೆಯವರು ಬರುತ್ತಾರೆ. ಒಂದು ಕಡೆ ಇಪ್ಪತ್ತು, ಇಪ್ಪತ್ತೈದರ ಹುಡುಗರು. ಸ್ಟೇಜ್ ಇಳಿದು ಬಂದಾಗ ಯಾರೋ ಒಬ್ಬರು ಮಾತಾಡಿಸಿದರು, ನಂಬರ್ ತಗೊಂಡರು, "ಪ್ರೈವೇಟ್ ಆಗಿ ಒಂದು ಪೋಸಿಂಗ್ ಸೆಷನ್ ಮಾಡ್ತೀಯಾ, ದುಡ್ಡು ಕೊಡ್ತೀನಿ" ಅಂದರು, ಹೋದೆ, ಆಮೇಲಿಂದ ನಿದ್ದೆ ಬರುತ್ತಿಲ್ಲ ಅನ್ನುವವರು. ಇನ್ನೊಂದು ಕಡೆ, ಹಾಗೆ ಕೇಳಿದ ಗಂಡಸರು. ಹುಡುಗರ ಬಗ್ಗೆ ಬರೆಯುವುದು ಸುಲಭ, ಓದುವವರ ಮನಸ್ಸು ತಾನಾಗಿ ಅವರ ಕಡೆ ವಾಲುತ್ತದೆ. ನಾನು ಬರೆಯುತ್ತಿರುವುದು ಹಾಗೆ ಕೇಳಿದ ಗಂಡಸರಲ್ಲಿ ಒಬ್ಬರ ಬಗ್ಗೆ. ಇದು ನಿಲ್ಲುವುದು, ಅಥವಾ ನೆಟ್ಟಗಾಗುವುದು, ಕೇಳುವವರ ಕೈಯಲ್ಲೇ ಇದೆ ಅಂತ ನನಗೆ ಅನ್ನಿಸಿದೆ.

ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಒಂದಷ್ಟು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಸುಳ್ಳು ಹೆಸರೂ ಬೇಡ.

ನಲವತ್ತು ದಾಟಿದವರು. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ. ಮದುವೆಯಾಗಿಲ್ಲ, ತಾಯಿಯ ಜೊತೆ ಇದ್ದಾರೆ. ಹರೆಯದಿಂದಲೂ ಅವರಿಗೆ ಕಟ್ಟುಮಸ್ತಾದ ಗಂಡಸರ ಮೈ ಕಂಡರೆ ಸೆಳೆತ. ದಸರಾ ಹೊತ್ತಿಗೆ ಮೈಸೂರು, ಬೇರೆ ದಿನಗಳಲ್ಲಿ ಬೆಳಗಾವಿ, ಮಂಗಳೂರು, ದಾವಣಗೆರೆ, ಸ್ಪರ್ಧೆ ಎಲ್ಲಿದ್ದರೂ ಹೋಗುತ್ತಿದ್ದರು. ಮೊದಲು ನೋಡಿ ಬರುತ್ತಿದ್ದರು ಅಷ್ಟೇ. ಈಚೆಗೆ ಕೆಲವು ವರ್ಷಗಳಿಂದ ಸ್ಪರ್ಧಿಗಳನ್ನು ಮಾತಾಡಿಸಿ, ದುಡ್ಡು ಕೊಟ್ಟು, ಲಾಡ್ಜ್ ರೂಮಿಗೆ ಕರೆಸಿ ಪೋಸ್ ಕೊಡಿಸಿಕೊಳ್ಳುವುದು ಶುರುವಾಗಿತ್ತು.

ಅವರು ನನ್ನ ಹತ್ತಿರ ತಂದ ಪ್ರಶ್ನೆಯೇ ಬೇರೆ. "ಮೇಡಂ, ಇದು ಕಾಯಿಲೆನಾ? ಕಾಯಿಲೆ ಆದ್ರೆ ಬಿಡಿಸಿ."

ಕಾಯಿಲೆ ಅಲ್ಲ ಅಂತ ಮೊದಲ ದಿನವೇ ಹೇಳಿದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಗಂಡಸಿಗೆ ಗಂಡಸಿನ ಮೇಲೆ ಆಸೆಯಾಗುವುದು ರೋಗವಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಒಪ್ಪಿಗೆಯ ಮೇಲೆ ವಯಸ್ಕರ ನಡುವೆ ನಡೆಯುವುದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿದೆ. "ಬಿಡಿಸ್ತೀನಿ" ಅಂತ ಹೇಳಿ ದುಡ್ಡು ತಗೊಳ್ಳುವ ವೈದ್ಯರಿದ್ದರೆ ಅದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸೂಚನೆ ಹೊರಡಿಸಿದೆ. ನಾನು ವೈದ್ಯೆಯಲ್ಲ, ಆದರೂ ಆ ಗೆರೆ ನನಗೂ ಅನ್ವಯಿಸುತ್ತದೆ.

ದುಡ್ಡು ಕೊಟ್ಟು ಮೈಕಟ್ಟು ನೋಡುವುದೂ ಹೊಸದಲ್ಲ. 1893ರಲ್ಲಿ ಶಿಕಾಗೋದಲ್ಲಿ ಯುಜೆನ್ ಸ್ಯಾಂಡೋ ಅನ್ನುವ ಹೆಸರಾಂತ ದೇಹದಾರ್ಢ್ಯ ಪಟು ಪ್ರದರ್ಶನ ಕೊಡುತ್ತಿದ್ದಾಗ, ಆಟ ಮುಗಿದ ಮೇಲೆ ಶ್ರೀಮಂತರು ಧರ್ಮಕಾರ್ಯಕ್ಕೆ ಹಣ ಕೊಟ್ಟು ಒಳಗೆ ಹೋಗಿ ಅವನ ಸ್ನಾಯು ಮುಟ್ಟಿ ನೋಡುತ್ತಿದ್ದರಂತೆ. ನಮ್ಮ ಬೆಂಗಳೂರಿನ ವ್ಯಾಯಾಮ ಗುರು ಕೆ.ವಿ. ಅಯ್ಯರ್, ಕಾದಂಬರಿಕಾರರಾಗಿಯೂ ನಮಗೆ ಗೊತ್ತಿರುವವರು, ತಮ್ಮ ಮೈಯ ಫೋಟೋಗಳನ್ನು ಅಚ್ಚುಕಟ್ಟಾಗಿ ತೆಗೆಸಿ ಹೆಮ್ಮೆಯಿಂದ ಪ್ರಕಟಿಸಿದವರು. ಇವತ್ತಿಗೂ ದೊಡ್ಡ ಚಾಂಪಿಯನ್‌ಗಳು ಸ್ಪರ್ಧೆಗೆ ಅತಿಥಿಯಾಗಿ ಬಂದು ಮೈಕಟ್ಟು ತೋರಿಸುವ ಗೆಸ್ಟ್ ಪೋಸಿಂಗ್‌ಗೆ ದುಡ್ಡು ತಗೊಳ್ಳುತ್ತಾರೆ, ಕೋಚ್‌ಗಳು ಪೋಸಿಂಗ್ ಹೇಳಿಕೊಟ್ಟು ಫೀಸು ತಗೊಳ್ಳುತ್ತಾರೆ. ಮೈಯನ್ನು ತೋರಿಸುವುದೇ ಈ ಕ್ರೀಡೆ. ಹಾಗಾಗಿ ನೋಡುವ ಆಸೆಯನ್ನೇ ತಪ್ಪು ಅಂತ ನಾನು ಹೇಳಲಾರೆ.

ಇಷ್ಟು ಕೇಳಿ ಅವರ ಮುಖ ಹಗುರಾಯಿತು. ಮುಂದಿನ ಭೇಟಿಗಳಲ್ಲಿ ಧಾರಾಳವಾಗಿ ಮಾತಾಡಿದರು. "ನಾನು ಯಾರನ್ನೂ ಬಲವಂತ ಮಾಡಿಲ್ಲ ಮೇಡಂ. ಕೇಳ್ತೀನಿ, ದುಡ್ಡು ಕೊಡ್ತೀನಿ, ಅವರೇ ಬರ್ತಾರೆ" ಅಂತ ಹೇಳುತ್ತಲೇ ಇದ್ದರು. ಹಾಗಿದ್ದರೆ ನಿಮಗೂ ನಿದ್ದೆ ಯಾಕೆ ಬರುತ್ತಿಲ್ಲ? ಕೊನೆಯ ಸಲ ಏನಾಯಿತೋ ಅದನ್ನು ಮೊದಲಿಂದ ಹೇಳಿ ಅಂದೆ.

ಒಂದು ತಾಲ್ಲೂಕು ಕೇಂದ್ರ. ಮೈದಾನದಲ್ಲಿ ಸ್ಟೇಜು, ಪಕ್ಕದಲ್ಲಿ ಶಾಮಿಯಾನ ಕಟ್ಟಿದ ಗ್ರೀನ್ ರೂಮು. ಭಾಷಣ, ಸನ್ಮಾನ ಎಲ್ಲ ಮುಗಿದು 65 ಕೆಜಿ ವಿಭಾಗ ಬರುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಮೊದಲ ಐದರಲ್ಲಿ ಬರದ ಒಬ್ಬ ಹುಡುಗನನ್ನು ಇವರು ಹೋಗಿ ಮಾತಾಡಿಸಿದರು.

"ಗೆದ್ದವರನ್ನು ಯಾಕೆ ಮಾತಾಡಿಸಲಿಲ್ಲ?" ಅಂತ ಕೇಳಿದೆ. ಇದಕ್ಕೆ ಇಂಥದ್ದೇ ಉತ್ತರ ಬರುತ್ತದೆ ಅಂತ ಎಣಿಸಿ ಕೇಳಿದ್ದಲ್ಲ.

"ಗೆದ್ದವರ ಹತ್ರ ನಾನು ಯಾವತ್ತೂ ಹೋಗಲ್ಲ ಮೇಡಂ. ಅವರ ಸುತ್ತ ಜನ ಇರ್ತಾರೆ. ಸೋತವರು ಒಬ್ಬರೇ ಇರ್ತಾರೆ."

ಇನ್ನೊಂದು ಸಲ ಹೇಳಿ ಅಂದೆ. ಹೇಳಲು ಬಾಯಿ ತೆರೆದರು, ಅರ್ಧಕ್ಕೆ ನಿಂತರು. ನಾನೂ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಮುಂದುವರಿಸಿದರು. ಈಗ ಧ್ವನಿ ಬೇರೆಯಾಗಿತ್ತು.

ಎರಡು ಸಾವಿರ ಅಂದರಂತೆ. ಹುಡುಗ ಬೇಡ ಅಂದ. ಐದು ಸಾವಿರ ಅಂದರು. "ಬರೀ ಪೋಸ್ ಅಷ್ಟೇ ತಾನೇ ಅಣ್ಣ?" ಅಂದ. ಅಷ್ಟೇ ಅಂದರು. ರೂಮಿಗೆ ಬಂದ ಕೂಡಲೇ ಅವನು ಮೊದಲು ಕೇಳಿದ್ದು ನೀರು. ಗಟಗಟ ಒಂದು ಬಾಟ್ಲಿ ಕುಡಿದ. ಆಮೇಲೆ ಪೋಸ್ ಕೊಡಲು ನಿಂತ. ಬ್ಯಾಕ್ ಡಬಲ್ ಬೈಸೆಪ್ಸ್, ಅಂದರೆ ಬೆನ್ನು ತೋರಿಸಿ ಎರಡೂ ತೋಳು ಮಡಚಿ ನಿಲ್ಲುವ ಪೋಸ್, ಹಾಕುವಾಗ ಒಂದು ಕಾಲನ್ನು ಹಿಂದಕ್ಕಿಟ್ಟು, ಬೆರಳ ಮೇಲೆ ಒತ್ತಿ, ಮೀನಖಂಡವನ್ನು ಬಿಗಿ ಮಾಡಿ ತೋರಿಸಬೇಕು. ಅಲ್ಲಿ ಅವನ ಕಾಲು ಹಿಡಿದುಕೊಂಡಿತು. ಮಂಚದ ಅಂಚಿಗೆ ಕೂತು ತಾನೇ ತಿಕ್ಕಿಕೊಂಡ. ಎದ್ದು ನಿಂತು "ಇನ್ನೊಂದ್ಸಲ ಹಾಕ್ಲಾ ಅಣ್ಣ?" ಅಂದ.

"ನೀವು ಏನಂದಿರಿ?"

"ಹಾಕು ಅಂದೆ."

ಮುಟ್ಟಬಹುದಾ ಅಂತ ಕೇಳಿದ್ದು ಆಮೇಲೆ. ಅವನು ಬೇಡ ಅನ್ನಲಿಲ್ಲ ಅಂದರು. ಹೂಂ ಅಂದನಾ ಅಂತ ಕೇಳಿದೆ. "ಸುಮ್ನೆ ನಿಂತಿದ್ದ" ಅಂದರು. ಬಹಳ ಹೊತ್ತು ಅತ್ತರು. ಆ ಭೇಟಿಯಲ್ಲಿ ನಾನು ಸಮಾಧಾನದ ಮಾತು ಆಡಲಿಲ್ಲ. ಅವರಿಗೆ ಆ ಹೊತ್ತಿಗೆ ಬೇಕಿದ್ದದ್ದು ಅದಲ್ಲ. ತಾನು ಬಲವಂತ ಮಾಡಿಲ್ಲ ಅನ್ನುವ ಮಾತಿನ ಹಿಂದೆ ಏನಿತ್ತು ಅಂತ ಅವರೇ ಮೊದಲ ಸಲ ನೋಡುತ್ತಿದ್ದರು.

ಇಲ್ಲಿ ಆ ಹುಡುಗನ ಮೈ ಯಾವ ಸ್ಥಿತಿಯಲ್ಲಿತ್ತು ಅಂತ ಓದುವವರಿಗೆ ಗೊತ್ತಾಗಬೇಕು. ಸ್ಪರ್ಧೆಯ ದಿನ ದೇಹದಾರ್ಢ್ಯ ಪಟು ನೋಡಲು ಅತಿ ಬಲಶಾಲಿ. ಒಳಗಿನಿಂದ ವರ್ಷದಲ್ಲೇ ಅತಿ ನಿತ್ರಾಣ. ತಿಂಗಳುಗಟ್ಟಲೆ ಕೊಬ್ಬು ಇಳಿಸುವ ಕಟಿಂಗ್ ಡಯಟ್, ಮೊಟ್ಟೆಯ ಬಿಳಿ, ಬೇಯಿಸಿದ ಚಿಕನ್, ಗೆಣಸು. ಕೊನೆಯ ದಿನಗಳಲ್ಲಿ ಚರ್ಮ ಸ್ನಾಯುವಿಗೆ ಅಂಟಿದ ಹಾಗೆ ಕಾಣಲಿ, "ಡ್ರೈ" ಆಗಲಿ ಅಂತ ಉಪ್ಪು ನಿಲ್ಲಿಸುತ್ತಾರೆ, ನೀರು ನಿಲ್ಲಿಸುತ್ತಾರೆ. ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಅದು ಕ್ರೀಡೆಯಲ್ಲಿ ನಿಷೇಧಿತ ಮದ್ದುಗಳ ಪಟ್ಟಿಯಲ್ಲಿದೆ, ಆದರೂ ನುಂಗುತ್ತಾರೆ. ನೀರಿನ ಜೊತೆ ಪೊಟ್ಯಾಸಿಯಂನಂಥ ಲವಣಗಳೂ ಮೈಯಿಂದ ಹೋಗುತ್ತವೆ. ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಎದೆಬಡಿತ ತಪ್ಪುತ್ತದೆ. 1992ರಲ್ಲಿ ಮೊಹಮ್ಮದ್ ಬೆನಜೀಜಾ ಅನ್ನುವ ಚಾಂಪಿಯನ್ ನೆದರ್ಲೆಂಡ್ಸ್‌ನಲ್ಲಿ ಸ್ಪರ್ಧೆ ಗೆದ್ದ ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಗೆದ್ದವರ ಗತಿಯೇ ಹಾಗಾಗಬಹುದಾದರೆ, ಹನ್ನೊಂದು ಗಂಟೆಗೆ ಸೋತು ಇಳಿದು ಬಂದ ಹುಡುಗನ ಮಾತೇನು? ಸಾಲದ್ದಕ್ಕೆ ಇಷ್ಟು ದಿನ ಹೊಟ್ಟೆ ಕಟ್ಟಿದವರಿಗೆ ನಿದ್ದೆ ಕೆಟ್ಟಿರುತ್ತದೆ, ಮನಸ್ಸು ಕುಗ್ಗಿರುತ್ತದೆ, ಕಾಮದ ಆಸೆಯೂ ಇಳಿದುಹೋಗಿರುತ್ತದೆ. ಎದುರಿಗೆ ನಿಂತವರು "ಅವನಿಗೂ ಇಷ್ಟ ಇತ್ತು" ಅಂದುಕೊಂಡರೆ ಬಹುಮಟ್ಟಿಗೆ ಅದು ತಮ್ಮ ಆಸೆಯನ್ನೇ ಅವನಲ್ಲಿ ಕಂಡದ್ದು.

ಇನ್ನು ದುಡ್ಡು. ಚಿಕನ್, ಮೊಟ್ಟೆ, ಪ್ರೋಟೀನ್ ಡಬ್ಬ, ಜಿಮ್ ಫೀಸು, ಮೈಗೆ ಬಳಿಯುವ ಟ್ಯಾನ್, ಬಸ್ ಖರ್ಚು. ಸ್ಥಳೀಯ ಸ್ಪರ್ಧೆಯ ಬಹುಮಾನದಲ್ಲಿ ಇದು ಹುಟ್ಟುವುದಿಲ್ಲ. ಮುಂದೆ ರೈಲ್ವೆಯಲ್ಲೋ ಪೊಲೀಸ್‌ನಲ್ಲೋ ಕ್ರೀಡಾ ಕೋಟಾದ ಕೆಲಸ ಸಿಗಬಹುದು ಅನ್ನುವ ಆಸೆಯ ಮೇಲೆ ಸಾಲ ಮಾಡಿರುತ್ತಾರೆ. ಅಂಥ ಹೊತ್ತಿನಲ್ಲಿ ಐದು ಸಾವಿರ ಅಂದರೆ ಅದನ್ನು ಬರೀ ಕೇಳಿದ್ದು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಅವರಿಗೆ ನಾನು ಕೊಟ್ಟ ಸಲಹೆ ಇದು. ಸ್ಪರ್ಧೆ ನೋಡಲು ಹೋಗಿ, ಚಪ್ಪಾಳೆ ಹೊಡೆಯಿರಿ, ವಾಪಸ್ ಬನ್ನಿ. ಆ ದಿನ, ಆ ಜಾಗದಲ್ಲಿ ಯಾರನ್ನೂ ಕೇಳಬೇಡಿ. ಗ್ರೀನ್ ರೂಮಿನ ಹತ್ತಿರವೂ ಸುಳಿಯಬೇಡಿ. ಕೇಳಲೇಬೇಕು ಅನ್ನಿಸಿದರೆ ಕೆಲವು ವಾರ ಬಿಡಿ. ಅವನು ಹೊಟ್ಟೆತುಂಬ ಊಟ ಮಾಡಿ, ನಿದ್ದೆ ಮಾಡಿ, ತನ್ನ ಊರಲ್ಲಿ ತನ್ನವರ ನಡುವೆ ಇರುವಾಗ ಒಂದೇ ಒಂದು ಮೆಸೇಜು. ಅದರಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಿರಿ. ನೀವು ಯಾರು, ಎಷ್ಟು ಹೊತ್ತು, ಎಲ್ಲಿ, ಬರೀ ಪೋಸಾ ಅಥವಾ ಮುಟ್ಟುವುದೂ ಇದೆಯಾ, ಎಷ್ಟು ದುಡ್ಡು. ಸ್ಪಾನ್ಸರ್ ಅಂತಲೋ, ಫೋಟೋಗ್ರಾಫರ್ ಅಂತಲೋ, ಅಭಿಮಾನಿ ಅಂತಲೋ ಮುಖವಾಡ ಬೇಡ. ಅವನು ಜೊತೆಗೆ ಸ್ನೇಹಿತನನ್ನು ಕರೆತರಲಿ. ಕ್ಯಾಮೆರಾ ಇರಕೂಡದು. ಬೇಡ ಅಂದರೆ ರೇಟು ಏರಿಸಬೇಡಿ, ಉತ್ತರ ಬರದಿದ್ದರೆ ಅದೂ ಬೇಡ ಅಂತಲೇ. ಒಪ್ಪಿ ಬಂದವನು ಮಧ್ಯದಲ್ಲಿ ಸಾಕು ಅಂದರೆ ಪೂರ್ತಿ ದುಡ್ಡು ಕೊಟ್ಟು ಕಳಿಸಿ. ಮಾತಾಡಿಕೊಳ್ಳದ ಯಾವುದನ್ನೂ ರೂಮಿನಲ್ಲಿ ಹೊಸದಾಗಿ ಕೇಳಬೇಡಿ. ಹದಿನೆಂಟು ತುಂಬದವರ ವಿಷಯದಲ್ಲಿ ಸಲಹೆಯೇ ಇಲ್ಲ, ಅದು ಪೋಕ್ಸೋ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ.

ಇಷ್ಟೆಲ್ಲ ಮಾಡಿದರೆ ಯಾರೂ ಒಪ್ಪಲ್ಲ ಮೇಡಂ ಅಂದರು. ಆಗಲಿ, ಒಪ್ಪದೇ ಇರಲಿ ಅಂದೆ. ಕತ್ತಲು, ದಣಿವು, ಸಾಲ ಇವು ಮೂರೂ ಇದ್ದಾಗ ಮಾತ್ರ ಸಿಗುವ ಒಪ್ಪಿಗೆ ನಿಮಗೆ ಯಾಕೆ ಬೇಕು?

ಈ ಪ್ರಕರಣವನ್ನು ಹೆಸರಿಲ್ಲದೆ ಚರ್ಚಿಸಿದಾಗ ನನ್ನ ಜೊತೆ ಕೆಲಸ ಮಾಡುವ ಒಬ್ಬರು ಬೇಸರಪಟ್ಟರು. "ಇದನ್ನು ಬಿಟ್ಟುಬಿಡಿ ಅಂತ ಒಂದೇ ಮಾತಲ್ಲಿ ಹೇಳಬೇಕಿತ್ತು, ನೀವು ದಾರಿ ತೋರಿಸಿದ ಹಾಗಾಯ್ತು" ಅಂದರು. ನಾನು ಒಪ್ಪುವುದಿಲ್ಲ. ಬಿಡಿ ಅಂತ ಅವರಿಗೆ ಅವರೇ ವರ್ಷಗಟ್ಟಲೆ ಹೇಳಿಕೊಂಡಿದ್ದಾರೆ. ಹಾಗೆ ಹೇಳಿಕೊಂಡಷ್ಟೂ ನಾಚಿಕೆ ಹೆಚ್ಚುತ್ತದೆ, ನಾಚಿಕೆ ಹೆಚ್ಚಿದಷ್ಟೂ ಕತ್ತಲಲ್ಲಿ, ಗಡಿಬಿಡಿಯಲ್ಲಿ, ಒಂಟಿ ಹುಡುಗನನ್ನು ಹುಡುಕಿ ಕೇಳುವುದು ಜಾಸ್ತಿಯಾಗುತ್ತದೆ. ಆಸೆಯನ್ನೂ ನಡತೆಯನ್ನೂ ಬೇರೆ ಬೇರೆ ಮಾಡಿ ನೋಡಿದಾಗಲೇ ನಡತೆಗೆ ಲೆಕ್ಕ ಕೇಳಲು ಆಗುವುದು. ಅವರನ್ನು ಮೊದಲ ದಿನವೇ ಅಪರಾಧಿ ಅಂದಿದ್ದರೆ "ಸೋತವರು ಒಬ್ಬರೇ ಇರ್ತಾರೆ" ಅನ್ನುವ ಮಾತು ಅವರ ಬಾಯಿಂದ ಬರುತ್ತಲೇ ಇರಲಿಲ್ಲ. ಅದು ಬರದಿದ್ದರೆ ಮುಂದಿನ ಸ್ಪರ್ಧೆಯಲ್ಲಿ ಇನ್ನೊಬ್ಬ ಹುಡುಗ.

ಆಮೇಲೆ ಅವರು ಆ ಹುಡುಗನಿಗೆ ಕ್ಷಮೆ ಕೇಳಿ ಇನ್ನಷ್ಟು ದುಡ್ಡು ಕಳಿಸುತ್ತೇನೆ ಅಂದರು. ಬೇಡ ಅಂದೆ. ಆ ನಂಬರಿನಿಂದ ದುಡ್ಡಿನ ಜೊತೆ ಬರುವ ಮೆಸೇಜು ಅವನಿಗೆ ಕ್ಷಮೆಯಾಗಿ ಕಾಣುವುದಿಲ್ಲ, ಮತ್ತೆ ಕರೆಯುತ್ತಿದ್ದಾರೆ ಅಂತ ಕಾಣುತ್ತದೆ. ನಿಮ್ಮ ಎದೆಭಾರ ಇಳಿಸುವ ಕೆಲಸ ಅವನದಲ್ಲ, ಅದಕ್ಕೆ ಇಲ್ಲಿಗೆ ಬನ್ನಿ ಅಂದೆ. ಈಗಲೂ ಬರುತ್ತಿದ್ದಾರೆ. ತಮ್ಮಂಥ ಗಂಡಸರ ಒಂದು ಸ್ನೇಹಕೂಟಕ್ಕೆ ಸೇರಿಕೊಂಡಿದ್ದಾರೆ. ತಮ್ಮ ವಯಸ್ಸಿನ, ತಮ್ಮನ್ನೂ ನೋಡಲು ಬಯಸುವ ಒಬ್ಬರ ಜೊತೆ ಬದುಕಬಹುದು ಅನ್ನುವ ಯೋಚನೆಯೇ ಅವರಿಗೆ ಹೊಸದು. ಅದರ ಬಗ್ಗೆ ಈಗ ಮಾತಾಡುತ್ತಿದ್ದೇವೆ.

ಇದನ್ನು ಓದುವ ಪಟುಗಳಿಗೂ ಒಂದಿಷ್ಟು ಹೇಳಬೇಕು. ನೀವು ಹೋಗಿದ್ದರೆ ನಿಮ್ಮ ಗಂಡಸುತನಕ್ಕೆ ಏನೂ ಆಗಿಲ್ಲ. ಹೋಗಿದ್ದೀರಿ ಅನ್ನುವ ಕಾರಣಕ್ಕೆ ಮತ್ತೆ ಹೋಗಬೇಕಿಲ್ಲ, ದುಡ್ಡು ತಗೊಂಡಿದ್ದೀರಿ ಅನ್ನುವ ಕಾರಣಕ್ಕೆ ಎಲ್ಲಕ್ಕೂ ಒಪ್ಪಿದ ಹಾಗೆ ಆಗುವುದಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಯಸ್ಕ ಗಂಡಸಿನ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯಕ್ಕೇ ಅಂತ ಒಂದು ಪ್ರತ್ಯೇಕ ಕಲಂ ಇಲ್ಲ. ಹಳೆಯ ದಂಡ ಸಂಹಿತೆಯ 377ನೇ ಕಲಂ ಪೂರ್ತಿ ಹೋಯಿತು, ಅದರ ಜಾಗದಲ್ಲಿ ಏನೂ ಬರಲಿಲ್ಲ. ಇದು ದೊಡ್ಡ ಕೊರತೆ, ಸರಿಯಾಗಲೇಬೇಕು. ಆದರೂ ಹೊಡೆದರೆ, ಕೂಡಿಹಾಕಿದರೆ, ಬೆದರಿಸಿದರೆ ದೂರು ಕೊಡಬಹುದು. ಕದ್ದು ವಿಡಿಯೋ ಮಾಡಿ ದುಡ್ಡು ಕೇಳಿದರೆ ಅದು ಸುಲಿಗೆ. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ, ಕೊಡಬೇಡಿ. ಮೆಸೇಜುಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್ ಪೊಲೀಸರ ಹತ್ತಿರ ಹೋಗಿ. ಮನಸ್ಸು ತಡೆಯುತ್ತಿಲ್ಲ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಡಿ.