ಲ್ಯಾಬ್ ಮರಿಯ ಊಟ: 24% ಕಾಳೋ, 8% ಪೌಚೋ?

ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿಗೆ 24% ಪ್ರೋಟೀನಿನ ಒಣ ಕಾಳು (ಡ್ರೈ ಡಾಗ್ ಫುಡ್) ಒಳ್ಳೆಯದಾ, 8% ಇರುವ ಗ್ರೇವಿ ಪೌಚಾ ಅಂತ ಕೇಳಿದ್ದೀರಿ. ಆ ಎರಡು ಅಂಕಿಗಳನ್ನು ಹಾಗೇ ಹೋಲಿಸೋಕಾಗಲ್ಲ. ಪೌಚಿನಲ್ಲಿ 80% ನೀರಿದ್ದರೆ ಉಳಿಯೋದು 20 ಪಾಲು, ಅದರಲ್ಲಿ 8 ಪ್ರೋಟೀನ್. ಅಂದರೆ ನೀರು ಕಳೆದರೆ 40%. ಕಾಳಿನಲ್ಲಿ 10% ತೇವ ಹಿಡಿದರೆ ಲೆಕ್ಕ ಬರೋದು ಸುಮಾರು 27%. ಹಾಗಂತ ಪೌಚೇ ಗೆದ್ದಿತು ಅಂದುಕೊಳ್ಳಬೇಡಿ. ಎಷ್ಟೋ ಪೌಚುಗಳು ಊಟದ ಜೊತೆ ನಂಜಿಕೊಳ್ಳೋಕೆ ಮಾತ್ರ.

‘ಪ್ಯಾಕೆಟ್ಟಿನ ಪದಾರ್ಥಗಳ ಪಟ್ಟಿಯಲ್ಲಿ ಚಿಕನ್ನೇ ಮೊದಲು’ ಅಂತ ಖುಷಿಪಟ್ಟಿದ್ದೀರಲ್ಲ, ಆ ಪಟ್ಟಿ ಬೇಯಿಸುವ ಮುಂಚಿನ ತೂಕದ ಪ್ರಕಾರ ಇರೋದು. ಹಸಿ ಮಾಂಸದ ಮುಕ್ಕಾಲು ಪಾಲು ನೀರೇ. ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ಗ್ಲುಟೆನ್ ಅಂತ ಒಂದೇ ಧಾನ್ಯವನ್ನು ಬಿಡಿಬಿಡಿಯಾಗಿ ಬರೆದರೆ ಅದು ತಾನಾಗೇ ಕೆಳಗಿಳಿಯುತ್ತೆ. ಜಾಣತನ!

ನಾನಾದರೆ ಮೊದಲು ಹಿಂಬದಿಯ ಸಣ್ಣ ಅಕ್ಷರ ಓದ್ತೀನಿ. ‘ಸಂಪೂರ್ಣ ಮತ್ತು ಸಮತೋಲಿತ ಆಹಾರ’ ಅಂತಿರಬೇಕು, ಅದೂ ಬೆಳೆಯುವ ಮರಿಗೆ, ದೊಡ್ಡ ತಳಿಗೆ ಅಂತ. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಹೆಚ್ಚಾದರೆ ಮೂಳೆ, ಕೀಲು ಕೆಡುತ್ತೆ. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಎಎಎಫ್‌ಸಿಓ ಸಂಸ್ಥೆ ಇದಕ್ಕೆ ಹಾಕಿರುವ ಮಿತಿ ನೀರು ಕಳೆದ ಲೆಕ್ಕದಲ್ಲಿ 1.8%. ಇಂಥ ಆಹಾರ ಕೊಡ್ತಾ ಇದ್ದರೆ, ಡಾಕ್ಟರ್ ಹೇಳದೆ ಮೇಲಿಂದ ಕ್ಯಾಲ್ಸಿಯಂ ಸಿರಪ್ ಹಾಕಲೇಬೇಡಿ.

ಇನ್ನೊಂದು, ಚೀಲದಿಂದ ಬಿಡಿಯಾಗಿ ತೂಗಿ ಕೊಡೋದನ್ನು ತರಬೇಡಿ. ಒಮ್ಮೆ ಅಗ್ಗ ಅಂತ ತಂದಿದ್ದೆ, ಕಮಟು ಎಣ್ಣೆ ವಾಸನೆ. ನಮ್ಮವನು ಮೂಸಿ ನೋಡಿ ನನ್ನ ಮುಖ ನೋಡಿದ, ಅಷ್ಟೇ.